ವಾಕ್‌ಮನ್ ಅನ್ನುವುದು ಕಂಪನಿ ಹೆಸರಾ, ವಸ್ತುವಿನ ಹೆಸರಾ? ಕಥೆಯಲ್ಲಿ ಹಾಗೇ ಬರೆಯಬಹುದಾ?

ಹಳೇ ರೀಲು

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕಥೆ ಬರೆದಿದ್ದೇನೆ. ಅದರಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ರಾತ್ರಿ ದೀಪ ಆರಿಸಿದ ಮೇಲೆ ಮುಸುಕು ಹೊದ್ದು, ವಾಕ್‌ಮನ್ ಹಾಕಿಕೊಂಡು ಹಾಡು ಕೇಳುತ್ತಾಳೆ. ಕಥೆ ಓದಿ ತಿದ್ದಿಕೊಟ್ಟವರು ಆ ಪದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಹೀಗೆ ಬರೆದಿದ್ದಾರೆ: "ಇದು ಕಂಪನಿಯ ಹೆಸರು. ಕೈಯಲ್ಲಿ ಹಿಡಿಯುವ ಕ್ಯಾಸೆಟ್ ಪ್ಲೇಯರ್ ಎಂದು ಮಾಡಿ."

ಅವರ ಮೇಲೆ ನನಗೆ ಗೌರವ ಇದೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಇದ್ದದ್ದೂ ಸೋನಿ ಕಂಪನಿಯದ್ದಲ್ಲ. ಮುಚ್ಚಳದ ಮೇಲೆ ಬೇರೆ ಯಾವುದೋ ಹೆಸರಿತ್ತು, ಬೆಳ್ಳಿ ಬಣ್ಣದ ಅಕ್ಷರ, ಆರು ತಿಂಗಳಲ್ಲಿ ಅಳಿಸಿಹೋಯಿತು. ಅಣ್ಣ ಅದನ್ನು ನನ್ನ ಕೈಗಿಟ್ಟು "ತಗೋ, ನಿನಗೊಂದು ವಾಕ್‌ಮನ್" ಅಂದಿದ್ದ. ಅವತ್ತಿನಿಂದ ಮನೆಯಲ್ಲಿ ಎಲ್ಲರಿಗೂ ಅದು ವಾಕ್‌ಮನ್. ಅಮ್ಮ ಕೂಡ "ಆ ವಾಕ್‌ಮನ್ ತೆಗೆದು ಊಟಕ್ಕೆ ಬಾ" ಅನ್ನುತ್ತಿದ್ದರು.

ಹಾಗಾದರೆ ನಾವೆಲ್ಲ ತಪ್ಪು ಹೇಳುತ್ತಿದ್ದೆವಾ? ಕಥೆಯಲ್ಲಿ ಏನು ಬರೆಯಲಿ? ತಿಳಿದವರು ಹೇಳಿ.

ಕರಡು ತಿದ್ದುವವ

ನಾನು ನಿಮ್ಮ ಕಥೆ ತಿದ್ದಿದವರ ಪರ. ವಾಕ್‌ಮನ್ ಸೋನಿಯವರು ನೋಂದಾಯಿಸಿಕೊಂಡ ಹೆಸರು. ಆ ಹೆಸರು ಸತ್ತಿಲ್ಲ, ಇವತ್ತಿಗೂ ಅದೇ ಹೆಸರಿನಲ್ಲಿ ಡಿಜಿಟಲ್ ಪ್ಲೇಯರ್ ಮಾರುತ್ತಿದ್ದಾರೆ. ಬೇರೆ ಕಂಪನಿಯ ವಸ್ತುವನ್ನು ಆ ಹೆಸರಿನಿಂದ ಕರೆದರೆ ಓದುಗರಿಗೆ ತಪ್ಪು ಮಾಹಿತಿ ಕೊಟ್ಟ ಹಾಗೆ. ನಾನು ಕರಡು ನೋಡುವಾಗ ಎಲ್ಲ ಕಡೆ ಇದೇ ನಿಯಮ ಇಟ್ಟುಕೊಂಡಿದ್ದೇನೆ: ಬ್ರ್ಯಾಂಡ್ ಹೆಸರು ಬಂದರೆ, ಅದು ನಿಜಕ್ಕೂ ಆ ಬ್ರ್ಯಾಂಡೇ ಆಗಿರಬೇಕು. ಇಲ್ಲದಿದ್ದರೆ ವಸ್ತುವಿನ ಹೆಸರು ಬರೆಯಬೇಕು.

ಎರಡು ಬ್ಯಾಟರಿ

ನಿಯಮ ಸರಿ ಇರಬಹುದು ಸರ್. ಆದರೆ "ಕೈಯಲ್ಲಿ ಹಿಡಿಯುವ" ಅನ್ನುವುದೇ ತಪ್ಪಲ್ವಾ? ಕೈ ಖಾಲಿ ಇರಲಿ ಅಂತಲೇ ಅದನ್ನು ಮಾಡಿದ್ದು. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವ ವಸ್ತು. ಕೈಯಲ್ಲಿ ಹಿಡಿದುಕೊಂಡು ಓಡಾಡಿದವರನ್ನು ನಾನಂತೂ ನೋಡಿಲ್ಲ.

ಸೈಡ್ ಬಿ

ಎರಡು ಬ್ಯಾಟರಿಯವರು ಹೇಳಿದ್ದು ಸರಿ. "ನಡಿಗೆ" ಆ ಹೆಸರಿನಲ್ಲೇ ಕೂತಿದೆ. ಹೆಸರು ಬಂದ ಕಥೆ ಗೊತ್ತಾದರೆ ಇಲ್ಲಿಯ ಗೊಂದಲ ಸ್ವಲ್ಪ ಬಿಡಿಸಿಕೊಳ್ಳುತ್ತದೆ ಅನ್ನಿಸುತ್ತದೆ. ಹಾಗಾಗಿ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಸೋನಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಮಸಾರು ಇಬುಕಾ. ಅವರಿಗೆ ದೂರದ ವಿಮಾನ ಪ್ರಯಾಣದಲ್ಲಿ ಸ್ಟೀರಿಯೋ ಸಂಗೀತ ಕೇಳುವ ಆಸೆ. ಕಂಪನಿಯ ಹತ್ತಿರ ಹೊತ್ತೊಯ್ಯುವ ಒಂದು ಸ್ಟೀರಿಯೋ ರೆಕಾರ್ಡರ್ ಏನೋ ಇತ್ತು, ಆದರೆ ಭಾರ. ಇನ್ನೊಂದು ಕಡೆ ಪತ್ರಕರ್ತರಿಗಾಗಿ ಮಾಡಿದ ಪುಟ್ಟ ರೆಕಾರ್ಡರ್ ಇತ್ತು. ಅದರ ಹೆಸರು ಪ್ರೆಸ್‌ಮನ್. ಎಂಜಿನಿಯರುಗಳು ಅದರಿಂದ ರೆಕಾರ್ಡ್ ಮಾಡುವ ಭಾಗ ತೆಗೆದರು, ಸ್ಟೀರಿಯೋ ಕೂರಿಸಿದರು, ಹೆಡ್‌ಫೋನ್ ಜೋಡಿಸಿದರು. ಇಬುಕಾಗೆ ಇಷ್ಟವಾಯಿತು. ಇನ್ನೊಬ್ಬ ಸ್ಥಾಪಕ ಅಕಿಯೋ ಮೊರಿಟಾ ಇದನ್ನು ಹುಡುಗರಿಗೆ ಮಾರಬಹುದು ಅಂತ ಹಠ ಹಿಡಿದರು. ರೆಕಾರ್ಡೇ ಮಾಡದ ಟೇಪ್ ಯಂತ್ರವನ್ನು ಯಾರು ಕೊಳ್ಳುತ್ತಾರೆ ಅಂತ ಕಂಪನಿಯೊಳಗೇ ಅನುಮಾನ ಇತ್ತು.

1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು. ಮಾದರಿ ಸಂಖ್ಯೆ ಟಿಪಿಎಸ್-ಎಲ್2. ಬೆಲೆ 33,000 ಯೆನ್. ನೀಲಿ ಮತ್ತು ಬೆಳ್ಳಿ ಬಣ್ಣ, ಎರಡು ಬ್ಯಾಟರಿ. ಜೊತೆಗೆ ಬಂದ ಹೆಡ್‌ಫೋನ್ ಸುಮಾರು 50 ಗ್ರಾಂ. ಆಗಿನ ಮಾಮೂಲಿ ಹೆಡ್‌ಫೋನ್‌ಗಳು 300ರಿಂದ 400 ಗ್ರಾಂ ತೂಗುತ್ತಿದ್ದವು. ನನ್ನ ಪ್ರಕಾರ ಅರ್ಧ ಪವಾಡ ಆ ಹೆಡ್‌ಫೋನಿನದ್ದೇ. ತಲೆ ಮೇಲೆ ಭಾರ ಹೊತ್ತುಕೊಂಡು ಯಾರು ನಡೆಯುತ್ತಾರೆ ಹೇಳಿ?

ಮೊದಲ ಕಂತಿನಲ್ಲಿ ಮಾಡಿದ್ದು 30,000. ಜುಲೈ ಇಡೀ ಮಾರಾಟವಾದದ್ದು ಸುಮಾರು 3,000 ಅಷ್ಟೇ. ಆಮೇಲೆ ಕಂಪನಿಯವರೇ ಅದನ್ನು ಹಾಕಿಕೊಂಡು ಟೋಕಿಯೋದ ರೈಲಿನಲ್ಲಿ, ಬೀದಿಯಲ್ಲಿ ಓಡಾಡಿದರು. ಎದುರು ಸಿಕ್ಕವರ ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿಸಿದರು. ಆಗಸ್ಟ್ ಮುಗಿಯುವ ಹೊತ್ತಿಗೆ ಅಂಗಡಿಗಳು ಖಾಲಿ.

ಅದರ ಮೇಲಂಚಿನಲ್ಲಿ ಒಂದು ಕಿತ್ತಳೆ ಬಣ್ಣದ ಬಟನ್ ಇತ್ತು. ಅದನ್ನು ಒತ್ತಿದರೆ ಹಾಡು ಸಣ್ಣದಾಗುತ್ತದೆ, ಒಂದು ಚಿಕ್ಕ ಮೈಕ್ ಆನ್ ಆಗುತ್ತದೆ, ಪಕ್ಕದವರ ಮಾತು ಕಿವಿಗೆ ಬರುತ್ತದೆ. ಹೆಡ್‌ಫೋನ್ ಸಿಕ್ಕಿಸುವ ತೂತು ಒಂದಲ್ಲ, ಎರಡು. ಮೊರಿಟಾ ಮನೆಯಲ್ಲಿ ಇದನ್ನು ಹಾಕಿಕೊಂಡು ಕೂತಾಗ ಹೆಂಡತಿಗೆ ಬೇಸರವಾಗಿತ್ತಂತೆ, ತನ್ನನ್ನು ಹೊರಗಿಟ್ಟ ಹಾಗೆ ಅನ್ನಿಸಿತಂತೆ. ಒಬ್ಬರೇ ಕಿವಿ ಮುಚ್ಚಿಕೊಂಡು ಕೂರುವುದು ಅಸಭ್ಯ ಅಂತ ಅವರಿಗೂ ಅನ್ನಿಸಿ, ಇಬ್ಬರು ಒಟ್ಟಿಗೆ ಕೇಳಲಿ ಅಂತ ಎರಡು ತೂತು ಇಡಿಸಿದರು. ಜನ ಮಾತ್ರ ಒಬ್ಬೊಬ್ಬರೇ ಕೇಳಿದರು. ಆ ಕಿತ್ತಳೆ ಬಟನ್ ಕೂಡ ಮುಂದೆ ಬಿಟ್ಟುಹೋಯಿತು.

ಹೆಸರಿನ ವಿಷಯಕ್ಕೆ ಬರುತ್ತೇನೆ. ಪ್ರೆಸ್‌ಮನ್‌ನಿಂದ ಹುಟ್ಟಿದ್ದು, ನಡೆಯುತ್ತಾ ಕೇಳುವುದು, ಅದಕ್ಕೇ ವಾಕ್‌ಮನ್. ಆಗ ಸೂಪರ್‌ಮ್ಯಾನ್ ಹೆಸರೂ ಎಲ್ಲರ ಬಾಯಲ್ಲಿತ್ತು, ಅದೂ ಇದಕ್ಕೆ ಪ್ರೇರಣೆ ಅನ್ನುತ್ತಾರೆ. ಮೊರಿಟಾಗೆ ಈ ಹೆಸರು ಹಿಡಿಸಲಿಲ್ಲ. ಬದಲಾಯಿಸಿ ಅಂದಾಗ ಜಾಹೀರಾತು ಆಗಲೇ ತಯಾರಾಗಿತ್ತು. ಹೊರದೇಶಕ್ಕೆ ಈ ಜಪಾನೀ ಇಂಗ್ಲಿಷ್ ಸರಿಹೋಗುವುದಿಲ್ಲ ಅಂದುಕೊಂಡು ಅಮೆರಿಕದಲ್ಲಿ ಸೌಂಡ್‌ಅಬೌಟ್, ಬ್ರಿಟನ್ನಿನಲ್ಲಿ ಸ್ಟೋಅವೇ, ಸ್ವೀಡನ್ನಿನಲ್ಲಿ ಫ್ರೀಸ್ಟೈಲ್ ಅಂತ ಹೆಸರಿಟ್ಟರು. ಆದರೆ ಜಪಾನಿಗೆ ಹೋಗಿ ಬಂದವರು ಕೊಂಡು ತಂದ ವಸ್ತುವಿನ ಜೊತೆ ಅದರ ಹೆಸರೂ ಬಂದಿತ್ತು. ಮೊರಿಟಾ ಯುರೋಪಿಗೆ ಹೋದಾಗ ಮಕ್ಕಳು "ನಮಗೆ ವಾಕ್‌ಮನ್ ಯಾವಾಗ ಸಿಗುತ್ತದೆ" ಅಂತ ಕೇಳಿದರಂತೆ. ಕಂಪನಿ ಸೋತು ಎಲ್ಲ ಕಡೆ ಅದೇ ಹೆಸರು ಇಟ್ಟಿತು.

ಅಂದರೆ ನೋಡಿ, ಇದು ಜಗತ್ತಿನ ಹೆಸರಾಗಿದ್ದೇ ಕೇಳುವವರ ಹಠದಿಂದ.

ಉತ್ತರದ ಚಳಿ

ಸೈಡ್ ಬಿ ಅವರೇ, ಸ್ವೀಡನ್ ವಿಷಯ ಎತ್ತಿದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಲ್ಲಿ ಕೆಲವು ವರ್ಷ ಇದ್ದೆ. ಒಂದು ಸಂಜೆ ಜೊತೆಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಹಳೇ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದೆವು. ಅವರು ಒಂದು ಕಪ್ಪು ಕ್ಯಾಸೆಟ್ ಪ್ಲೇಯರ್ ಎತ್ತಿಕೊಂಡು ಖುಷಿಯಿಂದ "ನನ್ನ ಫ್ರೀಸ್ಟೈಲ್!" ಅಂದರು. ನನಗೆ ಅರ್ಥವಾಗಲಿಲ್ಲ. ಅದು ಮಾದರಿಯ ಹೆಸರು ಇರಬೇಕು ಅಂದುಕೊಂಡು ತಿರುಗಿಸಿ ನೋಡಿದೆ. ಎಲ್ಲೂ ಹಾಗೆ ಬರೆದಿರಲಿಲ್ಲ.

ಅಲ್ಲಿಯವರಿಗೆ ಆ ಬಗೆಯ ಪ್ಲೇಯರ್ ಅಂದರೆ ಫ್ರೀಸ್ಟೈಲ್. ಯಾವ ಕಂಪನಿಯದ್ದಾದರೂ ಸರಿ. ಸೋನಿ ಆ ಹೆಸರು ಕೈಬಿಟ್ಟ ಮೇಲೂ ಜನ ಬಿಡಲಿಲ್ಲ. ಮೊದಲು ಕಿವಿಗೆ ಬಿದ್ದ ಹೆಸರು ಅವರಿಗೆ ಸಾಕಾಗಿತ್ತು.

ಹಳೇ ರೀಲು

ಇದು ನನಗೆ ಗೊತ್ತೇ ಇರಲಿಲ್ಲ! ಒಂದೇ ವಸ್ತು, ಒಂದು ಕಡೆ ಕಂಪನಿ ಬೇಡ ಅಂದ ಹೆಸರು ಗೆದ್ದಿತು, ಇನ್ನೊಂದು ಕಡೆ ಕಂಪನಿ ವಾಪಸ್ ತೆಗೆದುಕೊಂಡ ಹೆಸರು ಉಳಿಯಿತು.

ಪದ ಹುಡುಕಾಟ

ಇದಕ್ಕೆ ಇನ್ನೆರಡು ಭಾಷೆ ಸೇರಿಸುತ್ತೇನೆ.

ಫ್ರಾನ್ಸಿನಲ್ಲಿ 1981ಕ್ಕೇ ವಾಕ್‌ಮನ್ ಅನ್ನುವ ಪದ ಪೆತಿ ಲಾರೂಸ್ ನಿಘಂಟಿಗೆ ಸೇರಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿದ್ದು 1986ರಲ್ಲಿ. ಫ್ರೆಂಚರಿಗೆ ಹೊರಗಿನ ಪದಗಳ ಬಗ್ಗೆ ಎಚ್ಚರ ಜಾಸ್ತಿ. ಅಲ್ಲಿಯ ಸರ್ಕಾರವೇ ಬದಲಿ ಪದ ಸೂಚಿಸಿತು: ಬಲಾದೂರ್. ಬಲಾದೆ ಅಂದರೆ ಸುಮ್ನೆ ಅಡ್ಡಾಡುವುದು. ಅಡ್ಡಾಡುವವನು ಬಲಾದೂರ್. ಚಿಕ್ಕದು, ಚೆಂದದ್ದು, ಬಾಯಲ್ಲಿ ನಿಲ್ಲುತ್ತದೆ. ಆ ಪದ ನಿಜಕ್ಕೂ ಬಳಕೆಗೆ ಬಂತು. ಮುಂದೆ ಎಂಪಿ3 ಪ್ಲೇಯರ್ ಬಂದಾಗಲೂ ಅದಕ್ಕೇ ಅಂಟಿಕೊಂಡಿತು. ಜಪಾನಿನಲ್ಲೂ ಹೆಡ್‌ಫೋನ್ ಸ್ಟೀರಿಯೋ ಅಂತ ಒಂದು ಸಾಮಾನ್ಯ ಹೆಸರು ಓಡಾಡುತ್ತಿತ್ತು. ಬೇರೆ ಕಂಪನಿಗಳೂ ಅದನ್ನು ಬಳಸಬಹುದಿತ್ತು.

ಈಗ ಹಳೇ ರೀಲು ಅವರ ಕಥೆಗೆ ಬನ್ನಿ. "ಕೈಯಲ್ಲಿ ಹಿಡಿಯುವ ಕ್ಯಾಸೆಟ್ ಪ್ಲೇಯರ್" ಅನ್ನುವುದು ಹೆಸರಲ್ಲ, ವಿವರಣೆ. ಹೆಸರಿನಿಂದ ಕರೆಯುತ್ತೇವೆ. ವಿವರಣೆಯಿಂದ ಗುರುತು ಹೇಳುತ್ತೇವೆ. ಒಬ್ಬ ಮನುಷ್ಯನನ್ನು ದಿನಾ "ಎತ್ತರದ, ಕನ್ನಡಕ ಹಾಕಿದ, ಮೇಲಿನ ಮನೆಯವರೇ" ಅಂತ ಕೂಗೋಕೆ ಆಗುತ್ತಾ? ಹೊಸ ವಸ್ತು ಮನೆಗೆ ಬಂದಾಗ ಅದನ್ನು ಕರೆಯೋಕೆ ಒಂದು ಉಸಿರಿಗೆ ಸಿಗುವ ಪದ ಬೇಕು. ಅದರ ಜೊತೆ ಬಂದ ಪದ ಅದೊಂದೇ ಆಗಿದ್ದರೆ ಜನ ಅದನ್ನೇ ಹಿಡಿಯುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ.

ಕರಡು ತಿದ್ದುವವ

ಜನ ಹಿಡಿಯುತ್ತಾರೆ, ಒಪ್ಪಿದೆ. ಆದರೆ ಜನ ಹಿಡಿದ ಮಾತ್ರಕ್ಕೆ ಕಂಪನಿಯ ಹಕ್ಕು ಹೋಗುತ್ತದಾ? ನನ್ನ ಮನೆಯ ಅಂಗಳದಲ್ಲಿ ಎಲ್ಲರೂ ದಿನಾ ನಡೆದರು ಅಂತ ಅಂಗಳ ಊರಿನದ್ದಾಗುತ್ತದಾ? ಸೋನಿ ಯಾವತ್ತಾದರೂ ಈ ಹೆಸರು ಕಳೆದುಕೊಂಡಿದೆಯಾ?

ಮುದ್ರೆ ಮತ್ತು ಮಾತು

ಕಳೆದುಕೊಂಡಿದೆ ಸರ್, ಒಂದು ದೇಶದಲ್ಲಿ. ನಾನು ಟ್ರೇಡ್‌ಮಾರ್ಕ್ ಅರ್ಜಿಗಳ ಕೆಲಸ ಮಾಡುವವನು. ನಮ್ಮಲ್ಲಿ ಈ ಕೇಸು ಪಾಠದ ಹಾಗೆ.

ಜರ್ಮನ್ ಮಾತಾಡುವ ಆಸ್ಟ್ರಿಯಾದಲ್ಲಿ ಟೈಮ್‌ಟ್ರಾನ್ ಅನ್ನುವ ಕಂಪನಿ ತನ್ನ ಕ್ಯಾಟಲಾಗಿನಲ್ಲಿ ಬೇರೆಯವರ ಕ್ಯಾಸೆಟ್ ಪ್ಲೇಯರ್‌ಗಳನ್ನು ವಾಕ್‌ಮನ್ ಅಂತಲೇ ಬರೆದು ಮಾರುತ್ತಿತ್ತು. ಸೋನಿ ಕೋರ್ಟಿಗೆ ಹೋಯಿತು. ವ್ಯಾಜ್ಯ ವರ್ಷಗಟ್ಟಲೆ ನಡೆದು 2002ರ ಜನವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ವಾಕ್‌ಮನ್ ಈಗ ಆ ಬಗೆಯ ಪ್ಲೇಯರ್‌ಗೆ ಎಲ್ಲರೂ ಬಳಸುವ ಮಾತು, ಬೇರೆಯವರು ಬಳಸಿದರೆ ಸೋನಿ ತಡೆಯುವ ಹಾಗಿಲ್ಲ.

ಕೋರ್ಟು ಎರಡು ಸಂಗತಿ ಎತ್ತಿ ಹೇಳಿತು. ಒಂದು, ಆ ವಸ್ತುವನ್ನು ಕರೆಯೋಕೆ ಜನರ ಹತ್ತಿರ ಬೇರೆ ಪದವೇ ಇರಲಿಲ್ಲ. "ಹೊತ್ತೊಯ್ಯುವ ಕ್ಯಾಸೆಟ್ ಪ್ಲೇಯರ್" ಅನ್ನುವ ಜರ್ಮನ್ ಮಾತು ಕಾಗದದ ಮೇಲೆ ಇತ್ತು, ಬಾಯಲ್ಲಿ ಇರಲಿಲ್ಲ. ಪದ ಹುಡುಕಾಟ ಅವರು ಮೇಲೆ ಬರೆದದ್ದು ಹೆಚ್ಚುಕಡಿಮೆ ಅದೇ. ಎರಡನೆಯದು ನಿಘಂಟಿನ ವಿಷಯ. ಜರ್ಮನ್ ಮಾತಾಡುವವರಿಗೆ ಡುಡೆನ್ ನಿಘಂಟು ಅಂದರೆ ಕೊನೆಯ ಮಾತು. ಅದರಲ್ಲಿ ವಾಕ್‌ಮನ್ ಅಂದರೆ ಚಿಕ್ಕ ಕ್ಯಾಸೆಟ್ ಪ್ಲೇಯರ್ ಅಂತ ಅರ್ಥ ಕೊಟ್ಟಿದ್ದರು. ಇದು ಟ್ರೇಡ್‌ಮಾರ್ಕ್ ಅನ್ನುವ ಸೂಚನೆ ಇರಲಿಲ್ಲ. ಅದನ್ನು ಸರಿಮಾಡಿಸೋಕೆ ಸೋನಿ ಮುಂದಾಗಿರಲಿಲ್ಲ. ಯುರೋಪಿನ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಹೆಸರಿನ ಒಡೆಯ ಕೇಳಿಕೊಂಡರೆ ನಿಘಂಟಿನವರು ಮುಂದಿನ ಮುದ್ರಣದಲ್ಲಿ ಅದು ನೋಂದಾಯಿಸಿದ ಹೆಸರು ಅಂತ ಸೂಚಿಸಬೇಕು.

ನಿಮ್ಮ ಅಂಗಳದ ಮಾತಿಗೆ ಉತ್ತರ ಇಲ್ಲೇ ಇದೆ. ಜನ ನಡೆದದ್ದರಿಂದ ಅಷ್ಟೇ ಅಂಗಳ ಹೋಗಲಿಲ್ಲ. ಓಡಾಡೋಕೆ ಬೇರೆ ದಾರಿ ಇರಲಿಲ್ಲ, ಒಡೆಯರು ಬೇಲಿಯನ್ನೂ ಹಾಕಲಿಲ್ಲ, ಎರಡೂ ಸೇರಿ ಹೀಗಾಯಿತು. ಇದು ಆಸ್ಟ್ರಿಯಾಕ್ಕೆ ಮಾತ್ರ ಸಂಬಂಧಿಸಿದ ತೀರ್ಪು ಅನ್ನುವುದನ್ನೂ ಮರೆಯಬೇಡಿ. ಟ್ರೇಡ್‌ಮಾರ್ಕ್ ದೇಶದಿಂದ ದೇಶಕ್ಕೆ ಬೇರೆ.

ಪದ ಹುಡುಕಾಟ

ಜರ್ಮನ್ ಅಂದಾಗ ಒಂದು ವಿಷಯ ಹೊಳೆಯಿತು. ಇಂಗ್ಲಿಷಿನಲ್ಲಿ ಹೆಸರುಗಳಿಗೆ ದೊಡ್ಡ ಅಕ್ಷರ, ಸಾಮಾನ್ಯ ಪದಗಳಿಗೆ ಚಿಕ್ಕ ಅಕ್ಷರ. ಬರೆದದ್ದನ್ನು ನೋಡಿದ ಕೂಡಲೇ ಬರೆದವರ ಮನಸ್ಸಿನಲ್ಲಿ ಇದು ಕಂಪನಿಯೋ ವಸ್ತುವೋ ಅಂತ ಗೊತ್ತಾಗುತ್ತದೆ. ಜರ್ಮನ್‌ನಲ್ಲಿ ನಾಮಪದಗಳೆಲ್ಲಕ್ಕೂ ದೊಡ್ಡ ಅಕ್ಷರ. ಮೇಜಿಗೂ ದೊಡ್ಡ ಅಕ್ಷರ, ವಾಕ್‌ಮನ್‌ಗೂ ದೊಡ್ಡ ಅಕ್ಷರ. ನೋಡಿದರೆ ಏನೂ ತಿಳಿಯುವುದಿಲ್ಲ. ನಮ್ಮ ಕನ್ನಡದಲ್ಲಂತೂ ದೊಡ್ಡದು ಚಿಕ್ಕದು ಅನ್ನುವ ಅಕ್ಷರಭೇದವೇ ಇಲ್ಲ.

ಇದು ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲಿ 1963ರ ಥರ್ಮಾಸ್ ಕೇಸು ನೋಡಿ. ಬಿಸಿ ಹಾಗೇ ಇಡುವ ಫ್ಲಾಸ್ಕನ್ನು ಎಲ್ಲರೂ ಥರ್ಮಾಸ್ ಅನ್ನುತ್ತಾರೆ, ಹಾಗಾಗಿ ಅದು ಸಾಮಾನ್ಯ ಪದ ಅಂತ ಕೋರ್ಟು ಒಪ್ಪಿತು. ಆದರೆ ಎದುರಾಳಿ ಕಂಪನಿ ಅದನ್ನು ಚಿಕ್ಕ ಅಕ್ಷರದಲ್ಲೇ ಬರೆಯಬೇಕು, ಮುಂದೆ ತನ್ನ ಹೆಸರು ಸೇರಿಸಬೇಕು ಅಂತ ಷರತ್ತು ಹಾಕಿತು. ದೊಡ್ಡ ಅಕ್ಷರದ ಹೆಸರು ಮೊದಲಿನ ಕಂಪನಿಗೇ ಉಳಿಯಿತು. ಆ ತೀರ್ಪನ್ನು ಕನ್ನಡದಲ್ಲಿ ಪಾಲಿಸೋಕೇ ಆಗುವುದಿಲ್ಲ!

ಹಾಗಾದರೆ ಕನ್ನಡದಲ್ಲಿ ಒಂದು ಹೆಸರು ಪದವಾಗಿದೆ ಅಂತ ಹೇಗೆ ತಿಳಿಯುವುದು? ನನಗೆ ತೋಚುವ ಪರೀಕ್ಷೆ ಇದು. ಅದಕ್ಕೆ "ಒಂದು" ಹತ್ತಿ, "ಗಳು" ಅಂಟಿದಾಗ ಕಿವಿಗೆ ಒಗರು ಅನ್ನಿಸಬಾರದು. "ನನಗೂ ಒಂದು ವಾಕ್‌ಮನ್ ಬೇಕು." "ಕೆಟ್ಟ ವಾಕ್‌ಮನ್‌ಗಳನ್ನೆಲ್ಲ ಡಬ್ಬಿಗೆ ಹಾಕಿದೆ." ಎಷ್ಟು ಸಲೀಸು ಅಲ್ವಾ? "ನನಗೂ ಒಂದು ಸೋನಿ ಬೇಕು" ಅಂದು ನೋಡಿ. ಸೋನಿಯ ಏನು, ಟಿವಿಯಾ, ಕ್ಯಾಮೆರಾನಾ ಅಂತ ಎದುರಿನವರು ಕೇಳುತ್ತಾರೆ. ಸೋನಿ ಕಂಪನಿಯಾಗಿಯೇ ಉಳಿದಿದೆ. ವಾಕ್‌ಮನ್ ವಸ್ತುವಾಗಿದೆ.

ಇನ್ನೊಂದು ಗಮನಿಸಿದ್ದೇನೆ. ಜೆರಾಕ್ಸ್ ಅನ್ನುವುದು ನಮ್ಮಲ್ಲಿ ಕ್ರಿಯಾಪದವೂ ಆಯಿತು: ಜೆರಾಕ್ಸ್ ಮಾಡಿಸು, ಗೂಗಲ್ ಮಾಡು. "ವಾಕ್‌ಮನ್ ಮಾಡು" ಅಂತ ಯಾರೂ ಅನ್ನಲಿಲ್ಲ. ಏಕೆಂದರೆ ಆ ಕೆಲಸಕ್ಕೆ "ಕೇಳು" ಅನ್ನುವ ನಮ್ಮದೇ ಮಾತು ಮೊದಲಿನಿಂದ ಇತ್ತು. ಕೆಲಸ ಹಳೆಯದು, ವಸ್ತು ಹೊಸದು. ಹಾಗಾಗಿ ವಸ್ತುವಿಗೆ ಮಾತ್ರ ಹೆಸರು ಬೇಕಾಯಿತು. ಅದಕ್ಕೆ "ಹಾಕಿಕೊಳ್ಳು" ಅನ್ನುವುದನ್ನು ಸೇರಿಸಿಕೊಂಡೆವು. ಬಟ್ಟೆ ಹಾಕಿಕೊಂಡ ಹಾಗೆ, ಕನ್ನಡಕ ಹಾಕಿಕೊಂಡ ಹಾಗೆ. ರೇಡಿಯೋವನ್ನು ಯಾರೂ ಹಾಕಿಕೊಳ್ಳುವುದಿಲ್ಲ, ಹಾಕುತ್ತಾರೆ. ಆ "ಕೊಳ್ಳು" ಬಂದದ್ದರಲ್ಲೇ ಇದು ಮೈಮೇಲಿನ ವಸ್ತು, ನನ್ನೊಬ್ಬಳಿಗೆ ಕೇಳುವ ಹಾಡು ಅನ್ನುವುದೆಲ್ಲ ಇದೆ. ಹಳೇ ರೀಲು ಅವರ ಮೊದಲ ವಾಕ್ಯದಲ್ಲೇ ಇದೆ ನೋಡಿ, "ವಾಕ್‌ಮನ್ ಹಾಕಿಕೊಂಡು".

ಎರಡು ಬ್ಯಾಟರಿ

"ಹಾಕಿಕೊಂಡು" ಬಗ್ಗೆ ಹೇಳಿದ್ದು ಮನಸ್ಸಿಗೆ ತಾಕಿತು. ಎಷ್ಟೋ ಸಲ ಅಂದಿದ್ದೇನೆ, ಯಾವತ್ತೂ ಯೋಚನೆ ಮಾಡಿರಲಿಲ್ಲ.

ಆದರೆ ನನಗೆ ಸೋನಿಯವರ ಬಗ್ಗೆ ಬೇಜಾರಾಗುತ್ತದೆ. ಕಷ್ಟಪಟ್ಟು ಒಂದು ಒಳ್ಳೆ ವಸ್ತು ಮಾಡಿದರು. ಜನ ಅಷ್ಟು ಪ್ರೀತಿಯಿಂದ ಕರೆದರು ಅನ್ನುವ ಕಾರಣಕ್ಕೇ ಹೆಸರು ಕೈತಪ್ಪುವುದು ನ್ಯಾಯಾನಾ? ಯಾರೂ ಕೊಳ್ಳದ ವಸ್ತು ಮಾಡಿದವರ ಹೆಸರು ಭದ್ರವಾಗಿ ಇರುತ್ತದೆ, ಇದೆಂಥ ಲೆಕ್ಕ?

ಮುದ್ರೆ ಮತ್ತು ಮಾತು

ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಹೆಸರು ಕಳೆದುಕೊಂಡವರಲ್ಲಿ ಹಲವರು ತಮ್ಮ ಕೈಯಾರೆ ಕಳೆದುಕೊಂಡಿದ್ದಾರೆ. ಎಸ್ಕಲೇಟರ್ ಅನ್ನುವುದು ಓಟಿಸ್ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಆ ಕಂಪನಿಯೇ ತನ್ನ ಜಾಹೀರಾತು ಮತ್ತು ಪೇಟೆಂಟುಗಳಲ್ಲಿ ಆ ಪದವನ್ನು ಚಲಿಸುವ ಮೆಟ್ಟಿಲು ಅನ್ನುವ ಅರ್ಥದಲ್ಲಿ ಸಾಮಾನ್ಯ ಪದದ ಹಾಗೆ ಬಳಸಿತು. 1950ರಲ್ಲಿ ಅಮೆರಿಕದಲ್ಲಿ ಆ ಹೆಸರು ಹೋಯಿತು. ಆಸ್ಪಿರಿನ್ ಕೂಡ ಅಲ್ಲಿ 1921ರಲ್ಲೇ ಹೋಯಿತು. ಜನರಿಗೆ ಹೇಳೋಕೆ ಸುಲಭವಾದ ಬೇರೆ ಹೆಸರು ಆ ಮಾತ್ರೆಗೆ ಇರಲಿಲ್ಲ, ರಾಸಾಯನಿಕ ಹೆಸರು ಯಾರ ನಾಲಿಗೆಗೂ ಹೊಂದಲಿಲ್ಲ.

ಅದಕ್ಕೇ ಹೊಸ ವಸ್ತು ತರುವವರಿಗೆ ನಾನು ಹೇಳುವುದು ಒಂದೇ. ಒಂದಲ್ಲ, ಎರಡು ಹೆಸರು ಕೊಡಿ. ಒಂದು ನಿಮ್ಮದು, ಇನ್ನೊಂದು ಊರಿನವರದ್ದು. ಊರಿನವರಿಗೆ ಕೊಡುವ ಹೆಸರಿಗೂ ಅಷ್ಟೇ ಶ್ರಮ ಹಾಕಿ, ಚಿಕ್ಕದಾಗಿ, ಬಾಯಿಗೆ ಹೊಂದುವ ಹಾಗೆ ಮಾಡಿ. ಜೆರಾಕ್ಸ್ ಕಂಪನಿ "ಫೋಟೋಕಾಪಿ ಅನ್ನಿ, ನಮ್ಮ ಹೆಸರನ್ನು ಕ್ರಿಯಾಪದ ಮಾಡಬೇಡಿ" ಅಂತ ಜಾಹೀರಾತು ಕೊಟ್ಟು ಕೇಳಿಕೊಂಡಿದ್ದು ಇದಕ್ಕೇ.

ಆದರೆ ಜನ ಕ್ರಿಯಾಪದ ಮಾಡಿದ ತಕ್ಷಣ ಹೆಸರು ಹೋಗುತ್ತದೆ ಅಂತಲೂ ತಿಳಿಯಬೇಡಿ. 2017ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟು ಗೂಗಲ್ ಹೆಸರನ್ನು ಉಳಿಸಿತು. ಜನ "ಗೂಗಲ್ ಮಾಡು" ಅನ್ನುತ್ತಾರೆ ಅನ್ನುವುದು ಸಾಲದು, ಎಲ್ಲ ಸರ್ಚ್ ಎಂಜಿನ್‌ಗಳಿಗೂ ಗೂಗಲ್ ಅನ್ನುವುದೇ ಹೆಸರಾಗಿದೆ ಅಂತ ತೋರಿಸಬೇಕು ಅಂದಿತು. ಅಲ್ಲಿ ಸರ್ಚ್ ಎಂಜಿನ್ ಅನ್ನುವ ಎರಡನೇ ಹೆಸರು ಬದುಕಿತ್ತು. ಅದೇ ಕಾಪಾಡಿತು ಅಂತ ನಾನು ನಂಬಿದ್ದೇನೆ.

ಸೈಡ್ ಬಿ

ಮೊದಲು ಮಾಡಿದವರ ಬಗ್ಗೆ ಬೇಜಾರು ಅಂದರೆ ಆಂಡ್ರಿಯಾಸ್ ಪಾವೆಲ್ ಅವರನ್ನೂ ನೆನೆಯಬೇಕು. ಸೊಂಟಕ್ಕೆ ಕಟ್ಟಿಕೊಂಡು ಸ್ಟೀರಿಯೋ ಕೇಳುವ ಯೋಚನೆಗೆ ಅವರು 1977ರಲ್ಲೇ ಇಟಲಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. ಸೋನಿಯ ಜೊತೆ ದಶಕಗಳ ಕಾಲ ಹೋರಾಡಿದರು. ಕೊನೆಗೆ 2003ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಅವರು ತಮ್ಮ ವಸ್ತುವಿಗೆ ಇಟ್ಟ ಹೆಸರು ಸ್ಟೀರಿಯೋಬೆಲ್ಟ್. ಆ ಪದವನ್ನು ಇಲ್ಲಿ ಎಷ್ಟು ಜನ ಕೇಳಿದ್ದೀರಿ?

ಇನ್ನೊಂದು. ಸೋನಿ ವಾಕ್‌ಮನ್ ಹೆಸರನ್ನು ಸಿಡಿ ಪ್ಲೇಯರ್‌ಗೆ ಇಟ್ಟಿತು, ಮಿನಿಡಿಸ್ಕ್ ಅನ್ನುವ ಪುಟ್ಟ ಡಿಸ್ಕಿನ ಪ್ಲೇಯರ್‌ಗೆ ಇಟ್ಟಿತು, 2005ರಲ್ಲಿ ಫೋನ್‌ಗಳಿಗೂ ಇಟ್ಟಿತು. ಆದರೆ ಆ ಪದ ಹೇಳಿದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ನನಗೆ ಕ್ಯಾಸೆಟ್ಟೇ. ಮುಚ್ಚಳದ ಕಿಟಕಿಯಲ್ಲಿ ಎರಡು ಚಕ್ರ ತಿರುಗುವುದು, ಟೇಪು ಮುಗಿದಾಗ "ಟಕ್" ಅಂತ ಬಟನ್ ಮೇಲೆ ಎಗರುವುದು. ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ತಯಾರಿಕೆ 2010ರಲ್ಲಿ ನಿಂತಿತು. ಅಷ್ಟರಲ್ಲಿ ಸುಮಾರು 20 ಕೋಟಿ ಮಾರಾಟವಾಗಿದ್ದವು. ಕಂಪನಿಯ ಹೆಸರು ಮುಂದಕ್ಕೆ ಹೋಯಿತು, ನಮ್ಮ ಪದ ಕ್ಯಾಸೆಟ್ಟಿನ ಹತ್ತಿರವೇ ನಿಂತಿತು. ಈಗ ಇವೆರಡೂ ಬೇರೆ ಬೇರೆ ಪದಗಳು ಅಂತಲೇ ನನಗೆ ಅನ್ನಿಸುತ್ತದೆ.

ಐಪಾಡ್ ಇದಕ್ಕಿಂತ ವಿಚಿತ್ರ. 2001ರಲ್ಲಿ ಬಂತು, 2022ರಲ್ಲಿ ನಿಂತಿತು. ಆ ಹೆಸರು ಆಪಲ್ ಕೈಯಲ್ಲೇ ಉಳಿಯಿತು. ಆದರೆ 2004ರಲ್ಲಿ ಒಬ್ಬ ಪತ್ರಕರ್ತರು ಅದರ ಬಾಲ ಕಿತ್ತು ಬ್ರಾಡ್‌ಕಾಸ್ಟ್‌ನ ಬಾಲಕ್ಕೆ ಜೋಡಿಸಿ ಪಾಡ್‌ಕಾಸ್ಟ್ ಅಂದರು. ಐಪಾಡ್ ನೋಡೇ ಇಲ್ಲದ ಮಕ್ಕಳು ಇವತ್ತು ಪಾಡ್‌ಕಾಸ್ಟ್ ಕೇಳುತ್ತಿದ್ದಾರೆ.

ಉತ್ತರದ ಚಳಿ

ಪಾಡ್‌ಕಾಸ್ಟ್ ಒಳಗೆ ಐಪಾಡ್ ಇದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು.

ಕರಡು ತಿದ್ದುವವ

ಎಲ್ಲ ಓದಿದೆ. ನನ್ನ ನಿಯಮವನ್ನು ಎರಡು ಭಾಗ ಮಾಡಿಕೊಳ್ಳುತ್ತೇನೆ. ಸುದ್ದಿ, ಜಾಹೀರಾತು, ವಸ್ತುವಿನ ವಿಮರ್ಶೆ, ಇಲ್ಲೆಲ್ಲ ಬೇರೆ ಕಂಪನಿಯ ಪ್ಲೇಯರ್‌ಗೆ ವಾಕ್‌ಮನ್ ಅಂತ ಬರೆಯುವುದನ್ನು ಈಗಲೂ ಒಪ್ಪುವುದಿಲ್ಲ. ಕೊಳ್ಳುವವರಿಗೆ ಮೋಸವಾಗಬಾರದು. ಆದರೆ ಕಥೆಯಲ್ಲಿ ಮಾತಾಡುತ್ತಿರುವುದು ಹದಿನಾರರ ಹುಡುಗಿ. ಅವಳು ಏನನ್ನೂ ಮಾರುತ್ತಿಲ್ಲ. ಅವಳ ಬಾಯಲ್ಲಿ "ಕೈಯಲ್ಲಿ ಹಿಡಿಯುವ ಕ್ಯಾಸೆಟ್ ಪ್ಲೇಯರ್" ಅಂತ ತುರುಕಿದರೆ ಅವಳು ಅವಳಾಗಿ ಉಳಿಯುವುದಿಲ್ಲ. ಅಲ್ಲಿ ವಾಕ್‌ಮನ್ ಅನ್ನುವುದೇ ಸರಿಯಾದ ಪದ. ನಿಮ್ಮ ಕಥೆ ತಿದ್ದಿದವರಿಗೂ ಇದನ್ನು ಹೇಳಿ ನೋಡಿ, ಒಪ್ಪಬಹುದು.

ಒಂದು ಪ್ರಶ್ನೆ. ಅದು ಬೇರೆ ಕಂಪನಿಯದ್ದು ಅನ್ನುವುದು ನಿಮ್ಮ ಕಥೆಗೆ ಮುಖ್ಯವಾ?

ಹಳೇ ರೀಲು

ಸರ್, ನೀವು ಕೇಳಿದ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ಮುಖ್ಯ ಅಂತ ಬರೆಯುವಾಗ ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತಿದೆ.

ನಿಜಕ್ಕೂ ನಡೆದದ್ದು ಹೇಳುತ್ತೇನೆ. ಕೊಂಡ ಎರಡನೇ ವರ್ಷಕ್ಕೆ ನನ್ನ ವಾಕ್‌ಮನ್‌ನಲ್ಲಿ ಹಾಡು ಎಳೆದು ಎಳೆದು ಬರೋಕೆ ಶುರುವಾಯಿತು. ಬ್ಯಾಟರಿ ಬದಲಾಯಿಸಿದೆ, ಸರಿಹೋಗಲಿಲ್ಲ. ಅಣ್ಣ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ ಒಂದು ಕಪ್ಪು ರಬ್ಬರ್ ಬೆಲ್ಟು, ಕೂದಲಿಗೆ ಹಾಕುವ ಬ್ಯಾಂಡಿನಷ್ಟು ತೆಳ್ಳಗೆ, ಸಡಿಲವಾಗಿ ಜೋತುಬಿದ್ದಿತ್ತು. ಸೋನಿಯದ್ದೊಂದು ಕೊಡಿಸೋಕೆ ಆಗಲಿಲ್ಲ ಅನ್ನುವ ನೋವು ಅವನಲ್ಲಿ ಅಷ್ಟು ದಿನ ಇತ್ತು ಅಂತ ನನಗೆ ತಿಳಿದದ್ದು ಆಗಲೇ. "ಇದು ನಿಜವಾದ ವಾಕ್‌ಮನ್ ಅಲ್ಲ ಕಣೇ" ಅಂದ, ತಲೆ ಎತ್ತಲಿಲ್ಲ. ನನಗೆ ಅದು ಯಾವತ್ತೂ ಬೇರೆ ಏನೂ ಆಗಿರಲಿಲ್ಲ.

ಕಥೆಗೆ ಈ ದೃಶ್ಯ ಸೇರಿಸುತ್ತಿದ್ದೇನೆ. ಹುಡುಗಿ ಎಲ್ಲ ಕಡೆ ವಾಕ್‌ಮನ್ ಅಂತಲೇ ಅನ್ನುತ್ತಾಳೆ. ಅಣ್ಣ ಒಂದೇ ಒಂದು ಸಲ, ಸ್ಕ್ರೂ ಡ್ರೈವರ್ ಕೈಯಲ್ಲಿ ಇಟ್ಟುಕೊಂಡು, "ಈ ಕ್ಯಾಸೆಟ್ ಪ್ಲೇಯರ್" ಅನ್ನುತ್ತಾನೆ. ತಿದ್ದಿದವರು ಕೊಟ್ಟ ಮಾತಿಗೂ ಜಾಗ ಸಿಕ್ಕಿತು. "ಕೈಯಲ್ಲಿ ಹಿಡಿಯುವ" ಅನ್ನುವುದನ್ನು ಮಾತ್ರ ಬಿಟ್ಟಿದ್ದೇನೆ.

ಎರಡು ಬ್ಯಾಟರಿ

ಬೆಲ್ಟು ಆಮೇಲೆ ಸಿಕ್ಕಿತಾ?

ಹಳೇ ರೀಲು

ಸಿಕ್ಕಿತು. ಅಣ್ಣನೇ ಹುಡುಕಿ ತಂದು ಹಾಕಿದ. ಇನ್ನೂ ನನ್ನ ಹತ್ತಿರ ಇದೆ. ಕಥೆ ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ, ಎಲ್ಲರೂ ಓದಿ ಹೇಳಿ.